ಏರ್ ರೈಫಲ್ .177ರಿಂದ .22ಕ್ಕೆ: ಬ್ಯಾರಲ್ ಒಂದೇ ಬದಲಾಯಿಸಿದರೆ ಸಾಕಾ?

ಪ್ರಶ್ನೆ (ಓಹಾಯೋದಿಂದ)

ಎಲ್ಲರಿಗೂ ನಮಸ್ಕಾರ. ನನ್ನ ಹತ್ರ ಇರೋದು ಬೆಂಜಮಿನ್ ಡಿಸ್ಕವರಿ ಅನ್ನೋ ಏರ್ ರೈಫಲ್, .177 ಕ್ಯಾಲಿಬರ್ (ಬ್ಯಾರಲ್ ಒಳ ಅಳತೆ 4.5 ಮಿಮೀ; .22 ಅಂದರೆ 5.5 ಮಿಮೀ). ಕೈಪಂಪಿನಿಂದ 2000 ಪಿಎಸ್‌ಐ ಒತ್ತಡದ ಗಾಳಿ ತುಂಬಿಸಿ, ಹಗುರವಾದ 7.9 ಗ್ರೇನ್ (ಗುಂಡಿನ ತೂಕದ ಅಳತೆ) ಪೆಲೆಟ್ ಹೊಡೀತೀನಿ. 25 ಗಜಕ್ಕೆ ಏನೂ ತೊಂದರೆ ಇಲ್ಲ. 45-50 ಗಜದಲ್ಲಿ ಸ್ವಲ್ಪ ಗಾಳಿ ಬೀಸಿದರೂ ಪೆಲೆಟ್ ಪಕ್ಕಕ್ಕೆ ಹೋಗುತ್ತೆ, ತಗುಲಿದರೂ ಉಕ್ಕಿನ ಗುರಿ ಸರಿಯಾಗಿ ತಿರುಗಲ್ಲ. .22 ಬ್ಯಾರಲ್ ತಂದು ಹಾಕಿದರೆ ಆಯ್ತಾ? ಬೇರೆ ಏನೇನು ಬೇಕು? ತಿಳಿದವರು ದಯವಿಟ್ಟು ವಿವರವಾಗಿ ಹೇಳಿ.

ಉತ್ತರ 1 (ಪೆನ್ಸಿಲ್ವೇನಿಯಾದಿಂದ)

ಸರ್, ಬ್ಯಾರಲ್ ಒಂದೇ ಸಾಲದು. ನಾಲ್ಕು ಭಾಗ ಒಂದಕ್ಕೊಂದು ಹೊಂದಬೇಕು: ಬ್ಯಾರಲ್, ಪೆಲೆಟ್ಟನ್ನು ಒಳಗೆ ತಳ್ಳೋ ಬೋಲ್ಟ್, ಪೆಲೆಟ್ ಇಡೋ ತೋಡು ಇರುವ ಬ್ರೀಚ್, ಮತ್ತೆ ವಾಲ್ವಿನಿಂದ ಬ್ಯಾರಲ್‌ಗೆ ಗಾಳಿ ಒಯ್ಯೋ ಪುಟ್ಟ ಕೊಳವೆ, ಅಂದರೆ ಟ್ರಾನ್ಸ್‌ಫರ್ ಪೋರ್ಟ್. ಇದರಲ್ಲಿ ಒಂದು ಹಳೇದು ಉಳಿದರೂ ಗನ್ ಹೊಡೆಯುತ್ತೆ, ಆದರೆ ಹೊಡೆತಗಳ ಗುಂಪು ಚದುರುತ್ತೆ ಇಲ್ಲವೇ ವೇಗ ಬೀಳುತ್ತೆ. ಆಮೇಲೆ ತಪ್ಪು ಎಲ್ಲಿದೆ ಅಂತ ಹುಡುಕೋದೇ ಕೆಲಸ ಆಗುತ್ತೆ.

ಬೋಲ್ಟ್ ಯಾಕೆ ಬೇಕು ಅಂದರೆ, ಅದರ ಮೂತಿ ಪೆಲೆಟ್ಟನ್ನು ಬ್ಯಾರಲ್ ಕೆಳಗಿನ ಗಾಳಿ ತೂತು ದಾಟಿಸಿ ಮುಂದಕ್ಕೆ ತಳ್ಳಬೇಕು. .177 ಬೋಲ್ಟಿನ ಮೂತಿ ಸಣ್ಣದು, .22 ಬ್ಯಾರಲ್ ಒಳಗೆ ಅದರ ಓ-ರಿಂಗ್ (ರಬ್ಬರ್ ಬಳೆ) ಗಾಳಿ ತಡೆಯೋಲ್ಲ, ಅಷ್ಟೂ ಹಿಂದಕ್ಕೆ ಸೋರುತ್ತೆ. ಪೆಲೆಟ್ಟಿನ ಹಿಂಬದಿಯ ತೆಳು ಅಂಚು ತೂತಿನ ಮೇಲೇ ನಿಂತರೆ ಗಾಳಿ ಪಕ್ಕದಿಂದ ಬಡಿದು ಆ ಅಂಚನ್ನು ಸೊಟ್ಟ ಮಾಡುತ್ತೆ. ಬ್ಯಾರಲ್ ಎಷ್ಟೇ ಒಳ್ಳೇದಿದ್ದರೂ ಗುಂಪು ಕೂಡಲ್ಲ. ಇನ್ನು ತೋಡು. .177 ತೋಡಿನಲ್ಲಿ .22 ಪೆಲೆಟ್ ಕೂರೋದೇ ಇಲ್ಲ. ಹಾಗಾಗಿ ಬ್ರೀಚ್ ಮತ್ತು ಬೋಲ್ಟನ್ನು .22 ಜೋಡಿಯಾಗಿಯೇ ಕೊಳ್ಳಿ.

ಬಿಚ್ಚೋ ಮೊದಲು ಗಾಳಿ ಪೂರ್ತಿ ಖಾಲಿ ಮಾಡಿ. ಪೆಲೆಟ್ ಇಲ್ಲದೆ, ಸುರಕ್ಷಿತ ದಿಕ್ಕಿಗೆ ಹಿಡಿದು, ಕಾಕ್ ಮಾಡಿ (ಬೋಲ್ಟ್ ಎಳೆದು, ವಾಲ್ವ್ ಬಡಿಯೋ ಒಳಗಿನ ಸುತ್ತಿಗೆಯನ್ನು ಹಿಂದಕ್ಕೆ ನಿಲ್ಲಿಸಿ) ಹೊಡೀತಾ ಹೋಗಿ. ಗೇಜ್ ಸೊನ್ನೆ ತೋರಿಸಿತು ಅಂತ ನಿಲ್ಲಿಸಬೇಡಿ, ಕೆಳಗಿನ ಒತ್ತಡದಲ್ಲಿ ಅದರ ಮುಳ್ಳನ್ನು ನಂಬೋ ಹಾಗಿಲ್ಲ. ಫುಸ್ ಅನ್ನೋ ಸದ್ದು ನಿಂತು, ಬರೀ ಸುತ್ತಿಗೆ ಬಡಿಯೋ ಟಕ್ ಸದ್ದು ಉಳಿಯೋ ತನಕ ಹೊಡೀರಿ.

ಆಮೇಲೆ ಸ್ಕೋಪ್ ತೆಗೀರಿ. ಬ್ಯಾರಲ್ಲನ್ನು ಹಿಡಿಯೋ ಅಲೆನ್ ಸ್ಕ್ರೂ ಬ್ರೀಚ್ ಮೇಲ್ಗಡೆ ಇರುತ್ತೆ, ಮುಂದುಗಡೆ ಬ್ಯಾರಲ್ಲನ್ನು ಗಾಳಿ ಟ್ಯೂಬಿಗೆ ಹಿಡಿಯೋ ಬ್ಯಾಂಡ್ ಇರುತ್ತೆ, ಎರಡನ್ನೂ ಸಡಿಲಿಸಿ. ಬ್ರೀಚ್ ಕೂತಿರೋದು ಎರಡು ಸ್ಕ್ರೂ ಮೇಲೆ: ಹಿಂದೊಂದು, ಮುಂದೆ ತೋಡಿನ ಒಳಗೆ ತೀರಾ ಚಿಕ್ಕದೊಂದು. ಆ ಚಿಕ್ಕದರಲ್ಲೇ ಹೆಚ್ಚಿನವರ ಕೆಲಸ ಕೆಡೋದು. ಇದು ಇಂಚಿನ ಗನ್. 1/16 ಇಂಚು ಅಂದರೆ 1.59 ಮಿಮೀ, ಅಲ್ಲಿಗೆ 1.5 ಮಿಮೀ ಕೀ ಹಾಕಿದರೆ ಸಡಿಲವಾಗಿ ಕೂತು ಸ್ಕ್ರೂ ತಲೆ ಸವೆದುಹೋಗುತ್ತೆ. ಇಂಚಿನ ಅಲೆನ್ ಕೀ, ಅದೂ ತುದಿ ಸವೆಯದ ಹೊಸದು ಬಳಸಿ. ಬ್ರೀಚ್ ಎತ್ತುವಾಗ ಗನ್ ಕೆಳಗೆ ಬಿಳೀ ಬಟ್ಟೆ ಹಾಸಿರಿ. ಸುತ್ತಿಗೆಯ ಕಾಕಿಂಗ್ ಪಿನ್ನು, ಟ್ರಾನ್ಸ್‌ಫರ್ ಪೋರ್ಟ್ ಎರಡೂ ಉರುಳಿಹೋದರೆ ಸಿಗಲ್ಲ.

ಜೋಡಿಸೋದು ಈ ಕ್ರಮದಲ್ಲಿ. ಹೊಸ ಬ್ಯಾರಲ್ಲನ್ನು ಹೊಸ ಬ್ರೀಚಿಗೆ ತೂರಿಸಿ, ತೂತು ಕೆಳಮುಖವಾಗಿರಲಿ, ಮೇಲಿನ ಸ್ಕ್ರೂ ಇನ್ನೂ ಬಿಗಿ ಮಾಡಬೇಡಿ. ಟ್ರಾನ್ಸ್‌ಫರ್ ಪೋರ್ಟನ್ನು ವಾಲ್ವಿನ ಮೇಲೆ ನಿಲ್ಲಿಸಿ, ಅದು ಬ್ಯಾರಲ್ ತೂತಿಗೆ ಸರಿಯಾಗಿ ಸೇರೋ ಹಾಗೆ ಬ್ರೀಚನ್ನು ಮೆಲ್ಲಗೆ ಇಳಿಸಿ. ಮೊದಲು ಮುಂದಿನ ಚಿಕ್ಕ ಸ್ಕ್ರೂ, ಆಮೇಲೆ ಹಿಂದಿನದು, ಕೊನೆಗೆ ಬ್ಯಾರಲ್ ಸ್ಕ್ರೂ. ಇದನ್ನು ಬಿಗಿಯೋದರಲ್ಲಿ ಬಲ ತೋರಿಸಬೇಡಿ. ಬ್ಯಾರಲ್ಲಿನ ಹೊರ ಅಳತೆ 7/16 ಇಂಚು, ಸುಮಾರು 11.1 ಮಿಮೀ. .177ರಲ್ಲಿ ಗೋಡೆ ದಪ್ಪ 3.3 ಮಿಮೀ ಇದ್ದರೆ .22ರಲ್ಲಿ 2.8 ಮಿಮೀ ಮಾತ್ರ. ಜಾಸ್ತಿ ಒತ್ತಿದರೆ ಒಳಗಡೆ ಉಬ್ಬುತ್ತೆ. ಗಾಳಿ ಇಲ್ಲದಿರುವಾಗ ಮರದ ಕಡ್ಡಿಯಿಂದ ಒಂದು ಪೆಲೆಟ್ಟನ್ನು ಬ್ಯಾರಲ್ ಉದ್ದಕ್ಕೂ ತಳ್ಳಿ ನೋಡಿ. ಸ್ಕ್ರೂ ಇರೋ ಜಾಗದಲ್ಲಿ ಹಿಡಿದ ಹಾಗಾದರೆ ಕಾಲು ಸುತ್ತು ಸಡಿಲಿಸಿ.

ಓ-ರಿಂಗ್‌ಗೆ ಸಿಲಿಕೋನ್ ಗ್ರೀಸ್ ಮಾತ್ರ. ಪೆಟ್ರೋಲಿಯಂ ಎಣ್ಣೆ ಒತ್ತಡದ ಗಾಳಿ ಹಾಯೋ ಜಾಗಕ್ಕೆ ಹೋಗಲೇಬಾರದು, ಹೊತ್ತಿಕೊಳ್ಳಬಹುದು.

ಉತ್ತರ 2 (ಟೆಕ್ಸಸ್‌ನಿಂದ)

ಮೇಲೆ ಹೇಳಿದ್ದೆಲ್ಲ ಸರಿ, ಪರೀಕ್ಷೆ ಮಾಡೋದನ್ನು ಸೇರಿಸ್ತೀನಿ. ಪೂರ್ತಿ ಖಾಲಿಯಾದ ಗನ್‌ಗೆ ಗಾಳಿ ತುಂಬೋ ಮೊದಲು ಕಾಕ್ ಮಾಡಿ ಸೇಫ್ಟಿ ಹಾಕಿ. ಇಲ್ಲದಿದ್ದರೆ ಸುತ್ತಿಗೆ ವಾಲ್ವ್ ಕಡ್ಡಿಯನ್ನು ಒತ್ತಿಕೊಂಡಿರುತ್ತೆ, ಪಂಪ್ ಮಾಡಿದಷ್ಟೂ ಬ್ಯಾರಲ್ಲಿಂದ ಹೊರಗೆ ಹೋಗುತ್ತೆ. ವಾಲ್ವ್ ಕೆಟ್ಟಿತು ಅಂದುಕೊಂಡು ಎಲ್ಲ ಬಿಚ್ಚಬೇಡಿ.

ತುಂಬಿದ ಮೇಲೆ ಬೋಲ್ಟಿನ ಹಿಂದೆ ಟಿಶ್ಯೂ ಕಾಗದದ ತುಂಡು ಇಟ್ಟು ಹೊಡೀರಿ. ಕಾಗದ ಅಲುಗಿದರೆ ಬೋಲ್ಟ್ ಓ-ರಿಂಗ್ ಸೋರ್ತಿದೆ. ಬ್ರೀಚ್ ಮತ್ತು ಟ್ಯೂಬ್ ಸೇರೋ ಕಡೆ ಇಟ್ಟಾಗ ಅಲುಗಿದರೆ ಟ್ರಾನ್ಸ್‌ಫರ್ ಪೋರ್ಟ್ ಸರಿಯಾಗಿ ಕೂತಿಲ್ಲ. ಬ್ಯಾರಲ್ ಒಂದು ಕೂದಲೆಳೆ ತಿರುಗಿದ್ದರೂ ಹೀಗಾಗುತ್ತೆ. ಸ್ಕ್ರೂ ಸಡಿಲಿಸಿ ಬ್ಯಾರಲ್ ತಿರುಗಿಸಿ ಮತ್ತೆ ಕೂರಿಸಿ. ಗಾಳಿ ಖಾಲಿ ಮಾಡದೆ ಮಾತ್ರ ಮುಟ್ಟಬೇಡಿ.

ವೇಗ ಅಳೆಯೋಕೆ ಕ್ರೋನೋಗ್ರಾಫ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಲೆಕ್ಕ ಸುಲಭ: ವೇಗದ ವರ್ಗವನ್ನು ಪೆಲೆಟ್ಟಿನ ಗ್ರೇನ್ ತೂಕದಿಂದ ಗುಣಿಸಿ 450240ರಿಂದ ಭಾಗಿಸಿ. 14.3 ಗ್ರೇನ್ ಪೆಲೆಟ್ ಸೆಕೆಂಡಿಗೆ 800 ಅಡಿ ಹೋದರೆ 20.3 ಫುಟ್-ಪೌಂಡ್ ಶಕ್ತಿ. 7.9 ಗ್ರೇನಿನದು 900 ಅಡಿ ಹೋದರೂ 14.2 ಮಾತ್ರ. ಕಾರಣ, 5.5 ಮಿಮೀ ಬ್ಯಾರಲ್ಲಿನ ಅಡ್ಡವಿಸ್ತೀರ್ಣ 4.5 ಮಿಮೀಗಿಂತ ಒಂದೂವರೆ ಪಟ್ಟು, ಅದೇ ಒತ್ತಡ ಅಷ್ಟು ಹೆಚ್ಚು ಬಲದಿಂದ ತಳ್ಳುತ್ತೆ. ಸುತ್ತಿಗೆ ಸ್ಪ್ರಿಂಗ್ ಬಿಗಿ ಮಾಡೋ ಆಸೆ ಈಗಲೇ ಬೇಡ. ಮೊದಲು 2000 ಪಿಎಸ್‌ಐಯಿಂದ ಶುರು ಮಾಡಿ 25 ಹೊಡೆತದ ವೇಗ ಬರೆದುಕೊಳ್ಳಿ, ಎಲ್ಲಿಂದ ಬೀಳೋಕೆ ಶುರುವಾಗುತ್ತೋ ಅಲ್ಲಿಗೆ ಮತ್ತೆ ತುಂಬಿಸಿ.

ಇನ್ನೊಂದು. ಬ್ಯಾರಲ್ ಬ್ಯಾಂಡ್ ಬಿಗಿಯಾಗಿದ್ದರೆ ಒತ್ತಡ ಇಳಿದ ಹಾಗೆ ಗುರಿ ಸರಿಯಬಹುದು. ಅದು ಕ್ಯಾಲಿಬರ್ ದೋಷ ಅಲ್ಲ.

ಉತ್ತರ 3 (ಮಿಷಿಗನ್‌ನಿಂದ)

ಖರ್ಚು ಮಾಡೋ ಮೊದಲು ಒಂದು ಡಬ್ಬಿ ಭಾರದ .177 ಪೆಲೆಟ್ ಹೊಡೆದು ನೋಡಿ ಸರ್, 10.34 ಗ್ರೇನಿನದು. 7.9 ಗ್ರೇನಿನ ಹಗುರ ಪೆಲೆಟ್ ಶಬ್ದದ ವೇಗದ ಹತ್ತಿರ ಹೋದಾಗ ಅಲ್ಲಾಡುತ್ತೆ, ಗಾಳಿಗೂ ಬೇಗ ಸರಿಯುತ್ತೆ. ಭಾರದ್ದು ನಿಧಾನ ಹೋಗುತ್ತೆ, ನೇರ ಹೋಗುತ್ತೆ. 50 ಗಜದ ಕಾಗದದ ಗುರಿಗೆ ಅಷ್ಟರಲ್ಲೇ ಮುಗಿಯಬಹುದು. ಉಕ್ಕಿನ ಗುರಿ ತಿರುಗಲೇಬೇಕು ಅಂತಿದ್ದರೆ .22 ಸರಿ. ಅದಕ್ಕೆ 14.3ರಿಂದ 15.9 ಗ್ರೇನ್ ಒಳಗೆ ಮೂರು ನಾಲ್ಕು ಬಗೆ ಪೆಲೆಟ್ ಪ್ರಯತ್ನಿಸಿ. ಒಂದು ಬ್ಯಾರಲ್ಲಿಗೆ ಹಿಡಿಸಿದ್ದು ಇನ್ನೊಂದಕ್ಕೆ ಹಿಡಿಸಲ್ಲ.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದ. ಭಾರದ ಪೆಲೆಟ್ ಮೊದಲು ನೋಡ್ತೀನಿ. ಸ್ನೇಹಿತರ ಹತ್ರ ಸ್ಪ್ರಿಂಗಿನ ಬ್ರೇಕ್-ಬ್ಯಾರಲ್ ರೈಫಲ್ ಇದೆ, ಅದಕ್ಕೂ ಹೀಗೇ ಮಾಡಬಹುದಾ?

ಉತ್ತರ 1

ಮಾಡಬಹುದು, ಆದರೆ ಬೇಡ ಅಂತೀನಿ. ಅಲ್ಲಿ ಬ್ಯಾರಲ್, ಅದರ ಬುಡದ ಬ್ಲಾಕ್, ಕಾಕಿಂಗ್ ಕೊಂಡಿ ಎಲ್ಲ ಒಟ್ಟಿಗೆ ಬದಲಾಗಬೇಕು, ಬ್ರೀಚ್ ಸೀಲ್ ಕೂಡ. ಎಷ್ಟೋ ಮಾದರಿಯಲ್ಲಿ ಸ್ಪ್ರಿಂಗ್ ಹೊರತೆಗೆಯಬೇಕಾಗುತ್ತೆ. ಅದು ಕಾಕ್ ಮಾಡದಿದ್ದರೂ ಒತ್ತಿಕೊಂಡೇ ಇರುತ್ತೆ, ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಬಿಚ್ಚಿದರೆ ಹಿಂದಿನ ಬ್ಲಾಕ್ ಚಿಮ್ಮಿ ಮುಖಕ್ಕೆ ಬಡಿಯುತ್ತೆ. ಅದನ್ನು ಮಾರಿ .22 ಕೊಳ್ಳೋದು ಲೇಸು.

ಉತ್ತರ 4 (ಬರ್ಮಿಂಗ್‌ಹ್ಯಾಮ್, ಇಂಗ್ಲೆಂಡಿನಿಂದ)

ಇದನ್ನು ಓದಿ ಇಲ್ಲಿ ಯಾರೂ ಹಾಗೇ ಮಾಡಬೇಡಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಟಿಫಿಕೇಟ್ ಇಲ್ಲದ ಏರ್ ರೈಫಲ್‌ಗೆ ಮಿತಿ 12 ಫುಟ್-ಪೌಂಡ್. .177ರಲ್ಲಿ 11.3 ಇದ್ದದ್ದು ಬೇರೇನೂ ಮುಟ್ಟದೆ .22 ಬ್ಯಾರಲ್ ಹಾಕಿದ ಮಾತ್ರಕ್ಕೆ 12 ದಾಟಬಹುದು, ಆ ಕ್ಷಣದಿಂದ ನಿಮ್ಮ ಕೈಲಿರೋದು ಪರವಾನಗಿ ಇಲ್ಲದ ಬಂದೂಕು. ಗಡಿಯ ವೇಗ ನೆನಪಿಡಿ: 8.44 ಗ್ರೇನಿಗೆ ಸೆಕೆಂಡಿಗೆ 800 ಅಡಿ, 15.89 ಗ್ರೇನಿಗೆ 583 ಅಡಿ. ಸಣ್ಣ ಟ್ರಾನ್ಸ್‌ಫರ್ ಪೋರ್ಟ್ ಹಾಕಿ, ಕೆಳಗಿನಿಂದ ಶುರು ಮಾಡಿ, ಬೇರೆ ಬೇರೆ ತೂಕದ ಪೆಲೆಟ್‌ಗಳಲ್ಲಿ ಅಳೀರಿ. ಅಳತೆ ಉಪಕರಣ ಇಲ್ಲದಿದ್ದರೆ ನೋಂದಾಯಿತ ಗನ್ ಅಂಗಡಿಯವರ ಕೈಲೇ ಮಾಡಿಸಿ. ಸ್ಕಾಟ್ಲೆಂಡಿನಲ್ಲಿ 2016ರ ಡಿಸೆಂಬರ್ 31ರಿಂದ ಮಿತಿಯ ಒಳಗಿನ ಏರ್ ರೈಫಲ್‌ಗೂ ಸರ್ಟಿಫಿಕೇಟ್ ಬೇಕು.

ಉತ್ತರ 5 (ಮೈಸೂರಿನಿಂದ)

ಊರಲ್ಲಿರೋರಿಗೂ ಒಂದು ಮಾತು. 2016ರ ಆಯುಧ ನಿಯಮಗಳ ಪ್ರಕಾರ ಭಾರತದಲ್ಲಿ ಲೈಸೆನ್ಸ್ ವಿನಾಯಿತಿ ಇರೋದು .177, ಅಂದರೆ 4.5 ಮಿಮೀ ಮೀರದ, 20 ಜೂಲ್ ದಾಟದ ಏರ್ ಗನ್‌ಗೆ. .22 ಬ್ಯಾರಲ್ ಕೂರಿಸಿದರೆ ಶಕ್ತಿ ಎಷ್ಟೇ ಕಡಿಮೆ ಇರಲಿ, ಅದು ಲೈಸೆನ್ಸ್ ಬೇಕಾದ ಆಯುಧ. ವಿದೇಶದಿಂದ ಬರುವಾಗ ಅಣ್ಣನಿಗೋ ಭಾವನಿಗೋ ಅಂತ ಕಿಟ್ ತರಬೇಡಿ. ಇಲ್ಲಿ 10 ಮೀಟರ್ ರೈಫಲ್ ಸ್ಪರ್ಧೆ ನಡೆಯೋದೂ 4.5 ಮಿಮೀನಲ್ಲೇ. ಅಭ್ಯಾಸ ಮಾಡೋರು ಅದೇ ಬ್ಯಾರಲ್ ಇಟ್ಟುಕೊಂಡು ಪೆಲೆಟ್ ಬದಲಾಯಿಸಿ ನೋಡಲಿ.