ಈ ವಾರದ ಸಮಸ್ಯೆ: ‘ಕಲ್ಲ ಹೊರುವವನೊಬ್ಬ ಗಾನಗುರುವಾದ’

ಮೇಷ್ಟ್ರು: ಕೊನೆಯ ಸಾಲು ಕೊಟ್ಟಿದ್ದೇನೆ, ಅದಕ್ಕೆ ಹೊಂದುವ ಮೊದಲ ಮೂರು ಸಾಲು ನೀವು ಕಟ್ಟಬೇಕು. ಐದೈದು ಮಾತ್ರೆಯ ಚೌಪದಿ, ಆದಿಪ್ರಾಸ ‘ಲ್ಲ’ (ಪ್ರತಿ ಸಾಲಿನ ಎರಡನೇ ಅಕ್ಷರ). ವಸ್ತು ಮಾತ್ರ ದೂರದ್ದು: ಇಸ್ಲಾಮಿನ ಮೊದಲ ಶತಮಾನಗಳ ಪಾರಸಿ ಹಾಡುಗಾರರು. ಏಕಲವ್ಯ, ಜಕಣಾಚಾರಿ ಅಂತ ಬಂದರೆ ತಳ್ಳಿಹಾಕುತ್ತೇನೆ.

ಹಾಡುಹಕ್ಕಿ: ಇದೋ ನನ್ನದು.

ಬಲ್ಲವರನರಸದೆಯೆ ಕಾಬಾದ ಗೋಡೆಯಲಿ
ನಿಲ್ಲದುಲಿಯುವ ಪಾರಸಿಯ ಪದವ ಕೇಳಿ
ಸೊಲ್ಲನರಬಿಯೊಳಿಟ್ಟ ಮಿಸ್ಜಹನ ಮಗನಿಂಗೆ
ಕಲ್ಲ ಹೊರುವವನೊಬ್ಬ ಗಾನಗುರುವಾದ

683ರ ಮುತ್ತಿಗೆಯಲ್ಲಿ ಮೆಕ್ಕಾದ ಕಾಬಾಕ್ಕೆ ಬೆಂಕಿ ಬಿತ್ತು. ಆಗ ಮೆಕ್ಕಾ ಆಳುತ್ತಿದ್ದ ಇಬ್ನ್ ಅಲ್ ಜುಬೈರ್ ಅದನ್ನು ಮತ್ತೆ ಕಟ್ಟಿಸಿದ. ಅಲ್ಲಿ ಪಾರಸಿ ಕೆಲಸಗಾರರು ಹಾಡಿಕೊಂಡು ಕಟ್ಟುತ್ತಿದ್ದರಂತೆ. ಮೆಕ್ಕಾದ ಹಾಡುಗಾರ ಇಬ್ನ್ ಮಿಸ್ಜಹ್ ಆ ಧಾಟಿ ಹಿಡಿದು ಅರಬಿ ಪದ್ಯ ಹಾಡಿದ. ‘ಕಿತಾಬ್ ಅಲ್ ಅಘಾನಿ’ ಎಂಬ ಹಳೆಯ ಅರಬಿ ಹಾಡುಗಳ ಗ್ರಂಥದಲ್ಲಿ ಈ ಕಥೆ ಇದೆ. ಆಮೇಲೆ ಸಿರಿಯಾ, ಪಾರಸಿ ನಾಡು ಸುತ್ತಿ ಬಂದ. ಕಲಿತದ್ದರಲ್ಲಿ ಅರಬಿ ಕಿವಿಗೆ ಒಗ್ಗದ್ದನ್ನು ಬಿಟ್ಟ.

ಮಾತ್ರೆಗಣಕ: ‘ಮಗನಿಂಗೆ’? ಹಳಗನ್ನಡ ಜಾಸ್ತಿ ಆಯಿತು.

ಹಾಡುಹಕ್ಕಿ: ‘ಮಗನಿಗೆ’ ಅಂದರೆ ಒಂದು ಮಾತ್ರೆ ಕಡಿಮೆ ಬೀಳುತ್ತದೆ, ಎಣಿಸಿ ನೋಡಿ. ಅರಬಿಯ ‘ಇಬ್ನ್’ ಅಂದರೆ ಮಗ. ಆ ಪದ ಸಾಲಿನಲ್ಲಿ ಹಿಡಿಸಲಿಲ್ಲ, ಅದಕ್ಕೇ ಮಗ ಬಂದ.

ಒಗ್ಗರಣೆ: ಅವರು ಗಾರೆ ಕೆಲಸದವರು, ಬರೀ ಕಲ್ಲು ಹೊರುವವರಲ್ಲ ಅಲ್ವಾ?

ಮೇಷ್ಟ್ರು: ಇರಲಿ ಬಿಡಿ. ಗಾರೆ ಅಂದಿದ್ದರೆ ಸಮಸ್ಯೆಯೇ ಇರುತ್ತಿರಲಿಲ್ಲ.

ಒಗ್ಗರಣೆ: ಹಾಗಾದರೆ ನನ್ನ ಕಲ್ಲು ಕಟ್ಟಡದ್ದಲ್ಲ.

ಒಲ್ಲೆನೆಂದರಸ ಸೆರೆಯೊಳಗಿಡಲು ಮೂಲೆಯಲಿ
ಗಲ್ಲವೂರುತ ಕುಳಿತನಕ್ಷರವ ಕಲಿತು
ಎಲ್ಲ ನೋವೆದೆಯೊಳಗೆ ಹೆಪ್ಪುಗಟ್ಟಿದ ಮೇಲೆ
ಕಲ್ಲ ಹೊರುವವನೊಬ್ಬ ಗಾನಗುರುವಾದ

ಹಾಡುಹಕ್ಕಿ: ಯಾರಪ್ಪಾ ಇವನು?

ಒಗ್ಗರಣೆ: ಇಬ್ರಾಹಿಂ ಅಲ್ ಮೌಸಿಲಿ. 742ರಲ್ಲಿ ಇರಾಕಿನ ಕೂಫಾದಲ್ಲಿ ಹುಟ್ಟಿದ, ಪಾರಸಿ ಮನೆತನ. ಹಾಡು ಕಲಿಯಲು ಮೊಸೂಲಿಗೆ ಓಡಿಹೋದ, ಹೆಸರು ಅಲ್ಲಿಂದ ಅಂಟಿತು. ಖಲೀಫ ಅಲ್ ಮಹ್ದಿಗೆ ಇವನ ಕುಡಿತ ಹಿಡಿಸಲಿಲ್ಲ. ಹೊಡೆಸಿ ಸೆರೆಗೆ ಹಾಕಿಸಿದ. ಓದು ಬರಹ ಕಲಿತದ್ದು ಅಲ್ಲೇ. ಮುಂದೆ ಖಲೀಫ ಹಾರೂನ್ ಅಲ್ ರಶೀದನ ಆಸ್ಥಾನದಲ್ಲಿ ಮೆರೆದ. ಮಗ ಇಸ್ಹಾಕನೂ ಅಪ್ಪನಷ್ಟೇ ದೊಡ್ಡ ಹೆಸರು ಮಾಡಿದ.

ಮಾತ್ರೆಗಣಕ: ಮಾತ್ರೆ ಸರಿ ಇದೆ. ಆದರೆ ನಾಲ್ಕು ಸಾಲಿನಲ್ಲಿ ಹೆಸರೇ ಇಲ್ಲ, ಟಿಪ್ಪಣಿ ಬೇಕಾಯಿತು.

ಒಗ್ಗರಣೆ: ‘ಇಬ್ರಾಹಿಂ’ಗೆ ‘ಲ್ಲ’ ಪ್ರಾಸ ನೀವೇ ಹುಡುಕಿ ಕೊಡಿ!

ಮೇಷ್ಟ್ರು: ಹೆಸರಿಲ್ಲದಿದ್ದರೂ ನನ್ನ ಅಂಕ ಇದಕ್ಕೇ. ಮೊದಲನೆಯದರಲ್ಲಿ ಕಲ್ಲು ಕಲ್ಲಾಗಿಯೇ ಉಳಿಯಿತು, ಇಲ್ಲಿ ಎದೆಯ ನೋವಾಗಿ ತಿರುಗಿತು. ಮುಂದಿನ ಸಮಸ್ಯೆ ಒಗ್ಗರಣೆಯವರದ್ದು.

ಒಗ್ಗರಣೆ: ಆಗಿನ ಊದ್ ಎಂಬ ಅರಬಿ ತಂತಿವಾದ್ಯಕ್ಕೆ ನಾಲ್ಕು ತಂತಿ. ತೀರಾ ಮಂದ್ರದ್ದು ಬಮ್, ತೀರಾ ತಾರದ್ದು ಜೀರ್. ಎರಡೂ ಪಾರಸಿ ಹೆಸರು. ನಡುವಿನ ಎರಡಕ್ಕೆ ಮಾತ್ರ ಅರಬಿ ಹೆಸರು. ಹೀಗಾಗಿ ಸಾಲು ಇದು: ‘ತಂತಿ ನಾಲ್ಕರೊಳೆರಡು ಪರದೇಶಿ ಬಂಧು’. ಸಂತೆ, ಕಂತೆ, ಚಿಂತೆ ಎಲ್ಲ ಇವೆ, ಪ್ರಾಸ ಸಿಗಲಿಲ್ಲ ಅನ್ನಬೇಡಿ.