ಅಭ್ಯಂಗ ಮಾಡುವಾಗ ಮನಸ್ಸನ್ನು ಕೈಯ ಜೊತೆಯಲ್ಲೇ ಇರಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ಪಂಚಕರ್ಮ ಥೆರಪಿಸ್ಟ್, ಉಡುಪಿ

ಆಯುರ್ವೇದ ಚಿಕಿತ್ಸಾಲಯವೊಂದರಲ್ಲಿ ಮಹಿಳೆಯರಿಗೆ ಅಭ್ಯಂಗ (ಮೈಗೆ ಎಣ್ಣೆ ಹಚ್ಚಿ ತಿಕ್ಕುವುದು), ಪಿಂಡಸ್ವೇದ (ಔಷಧದ ಬಿಸಿ ಗಂಟುಗಳಿಂದ ಶಾಖ ಕೊಡುವುದು), ಶಿರೋಧಾರೆ (ಹಣೆಯ ಮೇಲೆ ಎಣ್ಣೆಯಂಥ ದ್ರವವನ್ನು ಧಾರೆಯಾಗಿ ಸುರಿಯುವುದು) ಮಾಡುವ ಕೆಲಸ ನನ್ನದು. ಕ್ರಮವೆಲ್ಲ ಕೈಗೆ ರೂಢಿಯಾಗಿರುವುದರಿಂದಲೋ ಏನೋ, ಅಂಗೈ ರೋಗಿಯ ಬೆನ್ನಿನ ಮೇಲಿರುವಾಗಲೇ ಮನಸ್ಸು ಮುಂದಿನವರಿಗೆ ಎಣ್ಣೆ ಬಿಸಿಗಿಟ್ಟಾಯಿತೇ, ಮಗ ಶಾಲೆಯಿಂದ ಬಂದನೇ ಎಂದು ಅಲೆಯತೊಡಗುತ್ತದೆ. ಕೆಲಸದಲ್ಲಿ ಲೋಪವೇನೂ ಆಗುತ್ತಿಲ್ಲ. ಆದರೂ ಪದೇಪದೇ ಬರುವ ರೋಗಿಗಳು ಗಮನವಿಟ್ಟು ಮಾಡಿದ ದಿನವನ್ನೂ ಮಾಡದ ದಿನವನ್ನೂ ಬೇರ್ಪಡಿಸಿ ಗುರುತಿಸುತ್ತಾರೆ. ಚಿಕಿತ್ಸೆಗೆ ಮುನ್ನ ಸಂಕಲ್ಪ ಮಾಡಿಕೊಳ್ಳಬೇಕು, ಮೌನವಾಗಿರಬೇಕು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಶ್ಲೋಕ ಹೇಳಿ ಆರಂಭಿಸುವುದರಾಚೆಗೆ ಈ ಸಂಕಲ್ಪ ಹೇಗಿರಬೇಕು? ಒಬ್ಬರ ನಂತರ ಒಬ್ಬರು ಕಾದಿರುವ ಕಡೆ ಇದು ಸಾಧ್ಯವೇ?

ಉತ್ತರ 1: ಆಯುರ್ವೇದ ವೈದ್ಯೆ, ಹಾಸನ

ಸಂಕಲ್ಪವು ಚಿಕ್ಕದಾಗಿ, ಎದುರಿಗಿರುವ ದೇಹಕ್ಕೆ ಸಂಬಂಧಿಸಿದ್ದಾಗಿ ಇರಲಿ. ‘ಇವರ ರೋಗವೆಲ್ಲ ನಿವಾರಣೆಯಾಗಲಿ’ ಎಂಬ ದೊಡ್ಡ ಹಾರೈಕೆಯಿಂದ ಕೈಗೆ ಯಾವ ನಿರ್ದೇಶನವೂ ಸಿಗುವುದಿಲ್ಲ. ‘ಇವರ ಎಡ ಭುಜ ಬಿಗಿದಿದೆ, ಅಲ್ಲಿ ಅವಸರ ಮಾಡುವುದಿಲ್ಲ’ ಎಂಬುದರಿಂದ ಸಿಗುತ್ತದೆ. ಅಷ್ಟಾಂಗಹೃದಯವೆಂಬ ಆಯುರ್ವೇದ ಗ್ರಂಥದ ದಿನಚರ್ಯೆಯ ಅಧ್ಯಾಯದಲ್ಲಿ ವಾಗ್ಭಟನು ತಲೆ, ಕಿವಿ, ಪಾದಗಳಿಗೆ ವಿಶೇಷ ಗಮನ ಕೊಡಬೇಕೆಂದು ಹೇಳಿ, ಕಫದಿಂದ ಬಳಲುವವರಿಗೂ ಅಜೀರ್ಣವಿರುವವರಿಗೂ ಆಗಷ್ಟೇ ಶೋಧನ (ವಾಂತಿ, ಭೇದಿ ಮೊದಲಾದವುಗಳಿಂದ ದೇಹಶುದ್ಧಿ) ಮಾಡಿಸಿಕೊಂಡವರಿಗೂ ಅಭ್ಯಂಗ ಸಲ್ಲದೆಂದು ವಿಧಿಸುತ್ತಾನೆ. ಆದ್ದರಿಂದ ‘ಊಟ ಎಷ್ಟು ಹೊತ್ತಿಗಾಯಿತು, ಹೊಟ್ಟೆ ಹಗುರವಾಗಿದೆಯೇ’ ಎಂದು ಕೇಳಿ, ಉತ್ತರವನ್ನು ನಿಜವಾಗಿ ಕೇಳಿಸಿಕೊಳ್ಳುವುದೇ ಏಕಾಗ್ರತೆಯ ಆರಂಭ.

ಸುಶ್ರುತ ಸಂಹಿತೆಗೆ ವ್ಯಾಖ್ಯಾನ ಬರೆದ ಡಲ್ಹಣನು ಎಣ್ಣೆ ಒಳಗಿಳಿಯುವ ಕಾಲವನ್ನು ಮಾತ್ರೆಯೆಂಬ ಕಾಲಮಾನದಲ್ಲಿ ಲೆಕ್ಕಹಾಕಿದ್ದಾನೆ: 300 ಮಾತ್ರೆಗಳಿಗೆ ರೋಮಮೂಲ, 400ಕ್ಕೆ ಚರ್ಮ, 500ಕ್ಕೆ ರಕ್ತ, ಹೀಗೆ ಮಾಂಸ, ಮೇದಸ್ಸು, ಅಸ್ಥಿಗಳನ್ನು ದಾಟಿ 900ಕ್ಕೆ ಮಜ್ಜೆ. ಇದನ್ನು ಇಂದಿನ ಶರೀರಶಾಸ್ತ್ರವೆಂದು ಓದಬೇಕಾಗಿಲ್ಲ. ಆದರೆ ಒಂದು ಹ್ರಸ್ವಾಕ್ಷರದ ಉಚ್ಚಾರಣೆಗೆ ಬೇಕಾಗುವಷ್ಟು ಕಾಲವನ್ನು ಒಂದು ಮಾತ್ರೆಯೆಂದು ಹಿಡಿದು, ಒಂದೇ ಭಾಗದಲ್ಲಿ ಮನಸ್ಸಿನೊಳಗೇ ಎಣಿಸುತ್ತ ಹೋದರೆ ಅಲೆಯುವ ಮನಸ್ಸಿಗೆ ಮಾಡಲು ಕೆಲಸವೊಂದು ದೊರೆಯುತ್ತದೆ. ಇಡೀ ಚಿಕಿತ್ಸೆಯಲ್ಲಿ ಎಣಿಸಬೇಡಿ. ಸೊಂಟ ಅಥವಾ ಪಾದ, ಯಾವುದಾದರೂ ಒಂದು ಕಡೆ ಸಾಕು.

ಇನ್ನು ನಿಶ್ಚಲತೆಯ ವಿಷಯ. ಎಣ್ಣೆಯ ಬಿಸಿಯನ್ನು ನಿಮ್ಮ ಮಣಿಕಟ್ಟಿನ ಮೇಲೆ ಪರೀಕ್ಷಿಸಿದ ಮೇಲೆ, ಎರಡೂ ಅಂಗೈಗಳನ್ನು ರೋಗಿಯ ಪಾದಗಳ ಮೇಲಿರಿಸಿ, ಅವರ ಉಸಿರು ಮೂರು ಬಾರಿ ಏರಿಳಿಯುವವರೆಗೆ ಕೈ ಚಲಿಸದಿರಲಿ. ಬಟ್ಟಲಿನಿಂದ ಎಣ್ಣೆ ತೆಗೆದುಕೊಳ್ಳುವಾಗ ಇನ್ನೊಂದು ಕೈ ದೇಹದ ಮೇಲೆಯೇ ಇರಲಿ. ಮಗ್ಗುಲು ಬದಲಿಸಿದಾಗಲೆಲ್ಲ ಒಂದು ಕ್ಷಣ ನಿಂತು ನಿಮ್ಮ ಪಾದಗಳ ಮೇಲೆ ಭಾರ ಸಮನಾಗಿದೆಯೇ ನೋಡಿಕೊಳ್ಳಿ. ಸೊಂಟ ಬಾಗಿಸಿ ನಿಂತ ಥೆರಪಿಸ್ಟ್‌ಗೆ ಎಷ್ಟು ಧ್ಯಾನ ಮಾಡಿದರೂ ನೆಮ್ಮದಿ ಬಾರದು.

ಉತ್ತರ 2: ಫಿಸಿಯೋಥೆರಪಿಸ್ಟ್, ಬೆಂಗಳೂರು

ಸಂಕಲ್ಪವು ಅಂಗೈಯಿಂದ ರೋಗಿಯ ದೇಹಕ್ಕೆ ಹರಿಯುತ್ತದೆ ಎಂದು ಹಲವರು ಹೇಳುವುದನ್ನು ನಾನು ಒಪ್ಪುವುದಿಲ್ಲ. ಆದರೆ ಮನಸ್ಸಿನ ಅವಸರ ಕೈಯ ವೇಗದಲ್ಲಿ ಕಾಣಿಸಿಕೊಳ್ಳುವುದಂತೂ ನಿಜ, ಮತ್ತು ಆ ವೇಗವನ್ನು ಗುರುತಿಸುವ ವ್ಯವಸ್ಥೆ ರೋಗಿಯ ಚರ್ಮದಲ್ಲಿದೆ. ರೋಮವಿರುವ ಚರ್ಮದಲ್ಲಿರುವ ಸಿ-ಟ್ಯಾಕ್ಟೈಲ್ ನರತಂತುಗಳು ಸೆಕೆಂಡಿಗೆ 1ರಿಂದ 10 ಸೆಂ.ಮೀ. ವೇಗದ ಮೃದುವಾದ ನೇವರಿಕೆಗೆ ಅತಿ ಹೆಚ್ಚು ಸ್ಪಂದಿಸುತ್ತವೆ. ವೇಗ ಅದಕ್ಕಿಂತ ಹೆಚ್ಚಾದರೂ ಕಡಿಮೆಯಾದರೂ ಸ್ಪಂದನ ತಗ್ಗುತ್ತದೆ. ಮಣಿಕಟ್ಟಿನಿಂದ ಮೊಣಕೈವರೆಗಿನ ಸುಮಾರು 24 ಸೆಂ.ಮೀ. ದೂರವನ್ನು ಸೆಕೆಂಡಿಗೆ 3 ಸೆಂ.ಮೀ.ನಂತೆ ಸವರಿದರೆ 8 ಸೆಕೆಂಡು ಹಿಡಿಯುತ್ತದೆ. ಇದು ನಾವಂದುಕೊಳ್ಳುವುದಕ್ಕಿಂತ ಬಹಳ ನಿಧಾನ. ಅಭ್ಯಂಗವೆಲ್ಲ ಇಷ್ಟು ನಿಧಾನವಾಗಿ ನಡೆಯಲಾರದು, ನಡೆಯಬೇಕಾಗಿಯೂ ಇಲ್ಲ. ಮೊದಲ ಹಾಗೂ ಕೊನೆಯ ಕೆಲವು ಸವರಿಕೆಗಳಿಗಾದರೂ ಈ ವೇಗವನ್ನು ಇಟ್ಟುಕೊಳ್ಳಿ.

ಗಮನವಿಡುವುದರ ಇನ್ನೊಂದು ಪ್ರಯೋಜನದ ಬಗ್ಗೆ ಇಲ್ಲಿ ಯಾರೂ ಮಾತನಾಡಿಲ್ಲ. ಒಂದೇ ಕಾಲಿನ ಮೀನಖಂಡ ಊದಿಕೊಂಡು ಬಿಸಿಯಾಗಿ ನೋಯುತ್ತಿದ್ದರೆ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವ ಸಂಭವವಿದೆ. ಅಂಥ ಕಾಲನ್ನು ತಿಕ್ಕದೆ ಕೂಡಲೇ ವೈದ್ಯರಿಗೆ ತೋರಿಸಬೇಕು. ಮಗನ ಶಾಲೆಯನ್ನು ನೆನೆಯುತ್ತಿರುವ ಕೈಗೆ ಇದು ತಿಳಿಯದೆ ಹೋಗಬಹುದು.

ಉತ್ತರ 3: ಬಾಣಂತಿ ಆರೈಕೆ ಮಾಡುವವರು, ಶಿರಸಿ

ತಂಗೀ, ಚಾಚಿದ ಕಾಲುಗಳ ಮೇಲೆ ಎಳೆಯ ಮಗುವನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುವ ನಮಗೆ ಮಗುವೇ ಪರೀಕ್ಷಕ: ನಮ್ಮ ಕೈ ಬಿರುಸಾದ ಕೂಡಲೇ ಅದು ಮುಷ್ಟಿ ಬಿಗಿದು ಅಳಲಾರಂಭಿಸುತ್ತದೆ. ದೊಡ್ಡವರು ಸಂಕೋಚದಿಂದ ಸುಮ್ಮನಿರುತ್ತಾರೆ, ಹಾಗಾಗಿ ಅವರ ಕಾಲ್ಬೆರಳುಗಳನ್ನೂ ಹುಬ್ಬನ್ನೂ ನೋಡುತ್ತಿರಬೇಕು. ಮೌನದ ಬಗ್ಗೆ ಒಂದು ಮಾತು. ಹೆರಿಗೆಯಾದವಳು ಎಣ್ಣೆ ಹಚ್ಚಿಸಿಕೊಳ್ಳುವಾಗಲೇ ಮನಸ್ಸು ಬಿಚ್ಚಿ ಮಾತನಾಡುವುದುಂಟು; ಅವಳನ್ನು ತಡೆಯಬಾರದು. ನಾವು ಊರಿನ ಸುದ್ದಿ ಸೇರಿಸದೆ ‘ಹೂಂ’ ಎನ್ನುತ್ತಿದ್ದರೆ ಸಾಕು.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದಗಳು. ದ್ರೋಣಿಯ (ರೋಗಿಯನ್ನು ಮಲಗಿಸುವ ಚಿಕಿತ್ಸಾ ಮೇಜಿನ) ಎರಡು ಬದಿಯಲ್ಲಿ ಇಬ್ಬರು ಸೇರಿ ಮಾಡುವಾಗ ಜೊತೆಗಾತಿಯ ವೇಗ ಬೇರೆಯಾಗಿದ್ದರೆ ಏನು ಮಾಡಬೇಕು? ಎರಡು ಚಿಕಿತ್ಸೆಗಳ ನಡುವೆ ಬಿಡುವು ಕೇಳುವುದು ಹೇಗೆ?

ಉತ್ತರ 1ರ ವೈದ್ಯೆ:

ಒಬ್ಬರು ಮುಂದಾಳು, ಇನ್ನೊಬ್ಬರು ಅವರ ಕೈಯನ್ನು ಅನುಸರಿಸುವವರು ಎಂದು ಮೊದಲೇ ನಿಶ್ಚಯಿಸಿಕೊಳ್ಳಿ. ನಿಧಾನ ಸ್ವಭಾವದವರೇ ಮುಂದಾಳಾಗಿರಲಿ. ರೋಗಿಯ ಮೇಲಿನಿಂದ ಮಾತಿನಲ್ಲಿ ತಿದ್ದಬೇಡಿ, ಕಣ್ಸನ್ನೆ ಸಾಕು. ರೋಗಿ ಹಬೆ ಪೆಟ್ಟಿಗೆಯಲ್ಲಿರುವ ಹೊತ್ತನ್ನು ಬಿಡುವೆಂದು ಭಾವಿಸಬಾರದು, ಏಕೆಂದರೆ ಆಗ ಅವರ ಬಳಿಯೇ ಇರಬೇಕಾಗುತ್ತದೆ. ಆಡಳಿತದವರಲ್ಲಿ ಧ್ಯಾನಕ್ಕೆ ಸಮಯ ಬೇಕೆಂದು ಕೇಳದೆ, ದ್ರೋಣಿ ತೊಳೆದು ಒರೆಸಲು, ಎಣ್ಣೆ ಬಿದ್ದು ಜಾರುವ ನೆಲವನ್ನು ಶುಚಿಗೊಳಿಸಲು ಸಮಯ ಬೇಕೆಂದು ಕೇಳಿ. ಅದು ಸತ್ಯವೂ ಹೌದು, ಮಂಜೂರಾಗುವ ಸಂಭವವೂ ಹೆಚ್ಚು.