ಅಮೆರಿಕದಲ್ಲಿ ಪ್ರಿ-ಮೆಡ್: ಖಾಸಗಿ ಕಾಲೇಜೋ, ರಾಜ್ಯ ವಿಶ್ವವಿದ್ಯಾಲಯವೋ?

ಪ್ರಶ್ನೆ: ಖಾಸಗಿ ಕಾಲೇಜಿನವರು ಶೇ. 90 ಪ್ರಿ-ಮೆಡ್‌ಗಳಿಗೆ (ಮೆಡಿಕಲ್ ಸೇರಲು ತಯಾರಾಗುತ್ತ ಪದವಿ ಓದುವವರಿಗೆ) ಮೆಡಿಕಲ್ ಸೀಟು ಸಿಗುತ್ತದೆ ಅಂತಾರೆ. ಅದಕ್ಕಾಗಿ ರಾಜ್ಯ ವಿವಿಯ ಎರಡು ಪಟ್ಟು ಶುಲ್ಕ ಕೊಡಬಹುದೇ?

ಉತ್ತರ 1: ಶೇ. 90 ಯಾರ ಪೈಕಿ ಅಂತ ಮೊದಲು ಕೇಳಿ. ಕೆಲವು ಕಾಲೇಜುಗಳಲ್ಲಿ ಅಂಕ ಕಡಿಮೆಯಿದ್ದವರಿಗೆ ಕಾಲೇಜಿನ ಪ್ರಿ-ಮೆಡ್ ಸಮಿತಿಯ ಶಿಫಾರಸು ಪತ್ರವೇ ಸಿಗುವುದಿಲ್ಲ. ಅವರು ಅರ್ಜಿ ಹಾಕದಿದ್ದರೆ ಲೆಕ್ಕಕ್ಕೇ ಬರುವುದಿಲ್ಲ. ಮೊದಲ ವರ್ಷ ಪ್ರಿ-ಮೆಡ್ ಎಂದವರೆಷ್ಟು, ಕಷ್ಟದ ಆರ್ಗ್ಯಾನಿಕ್ ಕೆಮಿಸ್ಟ್ರಿ ಕೋರ್ಸ್ ದಾಟಿ ಉಳಿದವರೆಷ್ಟು, ವಿದೇಶಿ ಸೀಟುಗಳೂ ಸೇರಿವೆಯೇ ಎಂಬುದನ್ನು ಬರಹದಲ್ಲೇ ಪಡೆಯಿರಿ.

ಉತ್ತರ 2: ಬೇಕಾದ ಕೋರ್ಸ್‌ಗಳು ಎರಡೂ ಕಡೆ ಬಹುತೇಕ ಅವೇ. ಮುಖ್ಯವಾಗುವುದು ಜಿಪಿಎ (ಪದವಿಯ ಸರಾಸರಿ ಅಂಕ), ಎಂಕ್ಯಾಟ್ (ಮೆಡಿಕಲ್ ಪ್ರವೇಶ ಪರೀಕ್ಷೆ): ಎಂಡಿ (ಅಲ್ಲಿನ ಮೂಲ ವೈದ್ಯ ಪದವಿ) ಸೀಟು ಪಡೆದವರ ಸರಾಸರಿ ಜಿಪಿಎ 4ಕ್ಕೆ 3.8ರ ಆಸುಪಾಸು, ಎಂಕ್ಯಾಟ್ 528ಕ್ಕೆ ಸುಮಾರು 512. ಶುಲ್ಕವನ್ನು ಮಾತ್ರ ಕಾಲೇಜಿನ ಜಾಲತಾಣದ ನೆಟ್ ಪ್ರೈಸ್ ಕ್ಯಾಲ್ಕುಲೇಟರ್‌ನಲ್ಲೇ ಹೋಲಿಸಿ. ಕಾಲೇಜು ಕೊಡುವ ನೆರವು ಕಳೆದರೆ ಖಾಸಗಿಯೇ ಅಗ್ಗವಾಗುವುದುಂಟು.

ಉತ್ತರ 3: ಪ್ರಿ-ಮೆಡ್ ಹಂತದಲ್ಲೇ ಸಾಲ ಬೆಳೆಸಬೇಡಿ, ದಯವಿಟ್ಟು; ಮುಂದೆ ಮೆಡಿಕಲ್‌ಗೂ ಸಾಲ ಬೇಕಾಗಬಹುದು. 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವವರಿಗೆ ಗ್ರ್ಯಾಡ್ ಪ್ಲಸ್ (ಪದವಿ ನಂತರದ ಓದಿಗೆ ಅಮೆರಿಕ ಸರ್ಕಾರ ಕೊಡುವ ಸಾಲ) ಇಲ್ಲ. ಎಂಡಿಗೆ ಫೆಡರಲ್ (ಕೇಂದ್ರ ಸರ್ಕಾರದ) ಸಾಲದ ಮಿತಿ ವರ್ಷಕ್ಕೆ 50,000, ಒಟ್ಟು 2 ಲಕ್ಷ ಡಾಲರ್.